ಗೆಯ್ದವರ ಹೆಸರು ಎಲ್ಲಿದೆ? ಕೊಡಗಿನ ಹಳೆಯ ಕಡತಗಳಲ್ಲಿ ಹುಡುಕುವ ಬಗೆ

ಮೊದಲ ಸಲ ಒಬ್ಬ ಸಂಶೋಧಕರಿಗೆ ಕಡತ ನೋಡಿಕೊಟ್ಟಾಗ ನಾನು ನೂರು ಭಟ್ಟಿ ಗದ್ದೆಯನ್ನು ನೂರು ಎಕರೆ ಎಂದು ಬರೆದುಬಿಟ್ಟಿದ್ದೆ. ಭಟ್ಟಿ ಎಂದರೆ ಭತ್ತದ ಅಳತೆ. ಇಷ್ಟು ಭತ್ತ ಬೆಳೆಯುವ ಗದ್ದೆ ಎಂದು ಹೇಳುವ ಲೆಕ್ಕ ಅದು, ನೆಲದ ಉದ್ದ ಅಗಲದ ಲೆಕ್ಕವಲ್ಲ. ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ ಮಾತೇ. ಆದರೆ ಇಂಗ್ಲಿಷ್ ಕಡತದಲ್ಲಿ ಕಂಡಾಗ ತಲೆಗೆ ಹೊಳೆಯಲೇ ಇಲ್ಲ. ನನ್ನ ಪಟ್ಟಿಯಲ್ಲಿ ನಮ್ಮ ಕಡೆಯ ಸಾಧಾರಣ ರೈತನೊಬ್ಬ ಬ್ರಿಟಿಷ್ ಪ್ಲಾಂಟರ್‌ಗಿಂತ ದೊಡ್ಡ ಜಮೀನ್ದಾರನಾಗಿ ಕೂತಿದ್ದ. ಸಂಶೋಧಕರು ನಕ್ಕರು, "ತಿದ್ದಿ ಕೊಡಿ" ಎಂದರು. ಮೂರು ದಿನದ ಕೆಲಸ ನೀರಿಗೆ ಹೋಯಿತು.

ಇಂಥ ತಪ್ಪು ನೀವೂ ಮಾಡಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಬ್ರಿಟಿಷರ ಕಾಲದಲ್ಲಿ ಯಾರ ಕೈಗೆ ಎಷ್ಟು ಬಂತು, ಯಾರ ಕೈ ಖಾಲಿಯಾಗಿಯೇ ಉಳಿಯಿತು ಎಂದು ತಿಳಿಯಲು ಬರುವವರು ಈಗ ಜಾಸ್ತಿಯಾಗಿದ್ದಾರೆ. ಅವರಿಗೆ ಕಡತ ಹುಡುಕಿಕೊಡಲು ಇಲ್ಲಿನವರೇ ಬೇಕು. ಕನ್ನಡ ಗೊತ್ತಿರಬೇಕು, ಗದ್ದೆಗೆ ಸೇರಿದ ಬಾಣೆ ಯಾವುದು, ಸರ್ಕಾರದ ಖಾಲಿ ಜಮೀನಾದ ಪೈಸಾರಿ ಯಾವುದು ಎಂದು ಗೊತ್ತಿರಬೇಕು. ಎಂ.ಎ. ಓದುವ ಹುಡುಗ ಹುಡುಗಿಯರು, ನಿವೃತ್ತ ಮೇಷ್ಟ್ರು, ತಮ್ಮ ಊರಿನ ಕಥೆ ತಾವೇ ಬರೆಯಹೊರಟವರು, ಯಾರು ಬೇಕಾದರೂ ಈ ಕೆಲಸ ಮಾಡಬಹುದು.

ಪ್ರಶ್ನೆಯನ್ನು ಮೊದಲು ಚಿಕ್ಕದು ಮಾಡಿ

"ಬ್ರಿಟಿಷರ ಕಾಲದ ಅಸಮಾನತೆ" ಎಂದು ಹೊರಟರೆ ಯಾವ ಗುಮಾಸ್ತರೂ ಯಾವ ಕಟ್ಟನ್ನೂ ಇಳಿಸಿಕೊಡಲಾರರು. ಒಂದು ನಾಡು, ಅಂದರೆ ಊರುಗಳ ಒಂದು ಗುಂಪು, ಹಿಡಿಯಿರಿ, ಇಪ್ಪತ್ತು ಮೂವತ್ತು ವರ್ಷ ಹಿಡಿಯಿರಿ, ಒಂದು ವಸ್ತು ಹಿಡಿಯಿರಿ. ಅಮ್ಮತ್ತಿ ಕಡೆಯ ಕಾಫಿ ತೋಟದ ಕೂಲಿ, 1870ರಿಂದ 1900. ಅಥವಾ ಕಿಗ್ಗಟ್ಟುನಾಡಿನ ಗದ್ದೆ ಯಾರ ಹೆಸರಿನಲ್ಲಿತ್ತು. ಇಷ್ಟು ಸಾಕು. ಕೆಲಸ ಶುರುವಾದ ಮೇಲೆ ಅದು ತಾನೇ ಬೆಳೆಯುತ್ತದೆ, ನೀವು ಬೇಡ ಎಂದರೂ ಬೆಳೆಯುತ್ತದೆ.

ಆ ವರ್ಷ ಕೊಡಗನ್ನು ಯಾರು ಆಳುತ್ತಿದ್ದರು?

ಇದು ಗೊತ್ತಾದರೆ ಕಾಗದ ಎಲ್ಲಿದೆ ಎಂಬುದು ಅರ್ಧ ಗೊತ್ತಾದ ಹಾಗೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಿತು. ಮಡಿಕೇರಿಯಲ್ಲಿ ಒಬ್ಬ ಸೂಪರಿಂಟೆಂಡೆಂಟ್ ಕೂತ. ಅವನ ಮೇಲೆ ಬೆಂಗಳೂರಿನಲ್ಲಿ ಮೈಸೂರಿನ ಕಮಿಷನರ್. 1881ರಲ್ಲಿ ಮೈಸೂರು ಒಡೆಯರಿಗೆ ವಾಪಸ್ ಹೋಯಿತು, ಕೊಡಗು ಹೋಗಲಿಲ್ಲ. ಆಮೇಲೆ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಕೂಡ ಆದರು. ಸ್ವಾತಂತ್ರ್ಯದ ನಂತರವೂ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ.

ಅಂದರೆ ಒಂದೇ ಊರಿನ ಕಾಗದ ಮೂರ್ನಾಲ್ಕು ಕಡೆ ಚದುರಿದೆ. ಮಡಿಕೇರಿಯಿಂದ ಬೆಂಗಳೂರಿಗೆ ಹೋದ ಪತ್ರ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಿಗಬಹುದು. ಬೆಂಗಳೂರಿನಿಂದ ಭಾರತ ಸರ್ಕಾರಕ್ಕೆ ಹೋದದ್ದು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ, ಬಹಳಷ್ಟು ಸಲ ವಿದೇಶಾಂಗ ವಿಭಾಗದ ಹೆಸರಿನಲ್ಲಿ. ಕೊಡಗಿನ ಕೂಲಿಯ ವಿಷಯ ವಿದೇಶಾಂಗದಲ್ಲಿ ಏನು ಮಾಡುತ್ತಿದೆ ಎಂದು ತಲೆ ಕೆರೆದುಕೊಳ್ಳಬೇಡಿ. ಆಗ ಮೈಸೂರು, ಕೊಡಗು ಎರಡನ್ನೂ ನೋಡುತ್ತಿದ್ದದ್ದು ಅದೇ ವಿಭಾಗ. ಲಂಡನ್ನಿಗೆ ಹೋದ ಪ್ರತಿ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿದೆ.

ಗಡಿಯ ವಿಷಯವಾದರೆ ಇನ್ನೂ ಎರಡು ಊರು. 1834ರ ನಂತರ ಅಮರಸುಳ್ಯ, ಪುತ್ತೂರು ಸೀಮೆಗಳು ದಕ್ಷಿಣ ಕನ್ನಡಕ್ಕೆ ಸೇರಿದವು. ಅದು ಮದ್ರಾಸ್ ಪ್ರಾಂತ್ಯ, ಹಾಗಾಗಿ ಕಡತ ತಮಿಳುನಾಡು ಪತ್ರಾಗಾರವಿರುವ ಚೆನ್ನೈನ ಎಗ್ಮೋರ್‌ನಲ್ಲಿ. ಕಂದಾಯವನ್ನು ದವಸದ ಬದಲು ನಗದಾಗಿ ಕಟ್ಟಿ ಎಂದದ್ದು 1837ರ ಅಮರಸುಳ್ಯ ದಂಗೆಯ ಕಾರಣಗಳಲ್ಲಿ ಒಂದು. ಆ ಕಥೆಗೆ ಎಗ್ಮೋರ್ ಮೆಟ್ಟಿಲು ಹತ್ತಲೇಬೇಕು. ವಯನಾಡಿನ ಕಡೆಯ ಆಳುಗಳ ವಿಷಯಕ್ಕೆ ಕೋಳಿಕ್ಕೋಡಿನ ಪತ್ರಾಗಾರ.

ಬಸ್ಸು ಹತ್ತುವ ಮುಂಚೆ ಅಚ್ಚಾದದ್ದನ್ನು ಓದಿ

ತುಂಬಾ ಜನ ನೇರ ಕಡತಕ್ಕೇ ಕೈ ಹಾಕುತ್ತಾರೆ. ಬೇಡ. ಜಿ. ರಿಕ್ಟರ್ 1870ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕೊಡಗಿನ ಮ್ಯಾನ್ಯುಅಲ್, ಲೂಯಿ ರೈಸ್ 1878ರಲ್ಲಿ ತಂದ ಮೈಸೂರು ಮತ್ತು ಕೊಡಗು ಗೆಜೆಟಿಯರಿನ ಮೂರನೆಯ ಸಂಪುಟ, ಈ ಎರಡನ್ನು ಮನೆಯಲ್ಲೇ ಕೂತು ಓದಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ವರ್ಷ ವರ್ಷದ ಕೊಡಗು ಆಡಳಿತ ವರದಿ, ಹತ್ತು ವರ್ಷಕ್ಕೊಮ್ಮೆಯ ಜನಗಣತಿ ವರದಿ ಇವುಗಳನ್ನೂ ಇಳಿಸಿಕೊಳ್ಳಿ. ಇವುಗಳಿಂದ ನಿಮಗೆ ಬೇಕಾದ್ದು ಅಂಕಿಗಿಂತ ಹೆಚ್ಚಾಗಿ ಶಬ್ದಗಳು. ಆಗಿನವರು ಯಾವುದನ್ನು ಏನೆಂದು ಕರೆಯುತ್ತಿದ್ದರು ಎಂದು ಗೊತ್ತಿಲ್ಲದಿದ್ದರೆ ಸೂಚಿಯಲ್ಲಿ ಹುಡುಕಲು ಆಗುವುದಿಲ್ಲ.

ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ನಾನು ಮೊದಲ ವಾರ ಕೊಡಗು ಎಂದು ಹುಡುಕಿ ಏನೂ ಸಿಗದೆ ಸುಮ್ನೆ ಕೂತಿದ್ದೆ. ಅಲ್ಲಿ ಹುಡುಕಬೇಕಾದ್ದು ಕೂರ್ಗ್. ಮಡಿಕೇರಿ ಅಲ್ಲ, ಮರ್ಕಾರಾ. ಕುಶಾಲನಗರ ಅಲ್ಲ, ಫ್ರೇಸರ್‌ಪೇಟೆ. ವಿರಾಜಪೇಟೆಗೆ ವೀರರಾಜೇಂದ್ರಪೇಟೆ ಎಂದೂ ಇದೆ. ಎರವ ಬುಡಕಟ್ಟಿನವರಿಗೆ ಮೂರು ತರದ ಕಾಗುಣಿತ, ಹೊಲೆಯರಿಗೆ ನಾಲ್ಕು. ನಿಮ್ಮದೇ ಒಂದು ಕಾಗುಣಿತದ ಚೀಟಿ ಮಾಡಿ ಇಟ್ಟುಕೊಳ್ಳಿ. ಹೊಸದೊಂದು ಕಂಡಾಗಲೆಲ್ಲ ಸೇರಿಸಿ. ನನ್ನ ಚೀಟಿ ಈಗ ಆರು ಪುಟ ಆಗಿದೆ.

ಜನಗಣತಿಯ ಬಗ್ಗೆ ಒಂದು ಎಚ್ಚರಿಕೆ. 1901ರಲ್ಲಿ ಕೊಡಗಿನ ಜನ 1,80,607. 1921ರಲ್ಲಿ 1,63,838. ಇದನ್ನು ನೋಡಿ ಇಷ್ಟು ಮಂದಿ ಸತ್ತರು ಎಂದು ಬರೆಯಲು ಓಡಬೇಡಿ. ಎಣಿಕೆ ನಡೆದ ದಿನ ನೋಡಿ. 1881ರಲ್ಲಿ ಫೆಬ್ರವರಿ 17, 1901ರಲ್ಲಿ ಮಾರ್ಚ್ 1, 1921ರಲ್ಲಿ ಮಾರ್ಚ್ 18. ಕಾಫಿ ಕುಯ್ಲು ನವೆಂಬರ್ ಡಿಸೆಂಬರಿಗೆ ಶುರುವಾಗಿ ಫೆಬ್ರವರಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಹದಿನೈದು ದಿನ ಆಚೆ ಈಚೆಯಾದರೂ ಮೈಸೂರು, ಮಲಬಾರಿನಿಂದ ಬಂದ ಕೂಲಿಯವರು ಊರಿಗೆ ಹೊರಟಿರುತ್ತಾರೆ. ತೋಟದ ಕೂಲಿಯವರ ಸಾಲುಮನೆ, ಅಂದರೆ ಲೈನ್ ಮನೆ, ಖಾಲಿ. ಜ್ವರ, ಕಾಫಿ ಬೆಲೆ ಎಲ್ಲವೂ ಸೇರಿಯೇ ಜನ ಕಡಿಮೆಯಾಗಿರಬಹುದು. ಆದರೆ ಎಣಿಕೆಯ ತಾರೀಕನ್ನು ಪಕ್ಕದಲ್ಲಿ ಬರೆಯದೆ ಆ ಅಂಕಿಯನ್ನು ಬಳಸಬೇಡಿ. ಹುಟ್ಟಿದ ಊರಿನ ಪಟ್ಟಿ ಅದೇ ವರದಿಯ ಕೊನೆಯಲ್ಲಿರುತ್ತದೆ. ಹೊರಗೆ ಹುಟ್ಟಿದವರು ಎಷ್ಟು ಎಂದು ಅಲ್ಲಿ ನೋಡಿ.

ಓದುವ ಕೋಣೆಯಲ್ಲಿ

ರಾಜ್ಯ ಪತ್ರಾಗಾರ ಇರುವುದು ವಿಧಾನಸೌಧದಲ್ಲಿ. ಅಧಿವೇಶನ ನಡೆಯುವಾಗ ಗೇಟಿನಲ್ಲೇ ಅರ್ಧ ದಿನ ಹೋಗುತ್ತದೆ, ದಿನ ನೋಡಿಕೊಂಡು ಹೊರಡಿ. ಆಧಾರ್, ಎರಡು ಫೋಟೋ, ಕಾಲೇಜಿನಿಂದಲೋ ಸಂಶೋಧಕರಿಂದಲೋ ಒಂದು ಪರಿಚಯ ಪತ್ರ. ಪೆನ್ನು ಬೇಡ, ಪೆನ್ಸಿಲ್. ಕಾಫಿ ಫ್ಲಾಸ್ಕ್ ಹೊರಗೆ. ಫೋಟೋ ತೆಗೆಯಬಹುದೇ, ಪುಟಕ್ಕೆ ಎಷ್ಟು ಎಂದು ಮೊದಲ ದಿನವೇ ಕೇಳಿ.

ಕಡತ ಬಂದ ಕೂಡಲೇ ಓದಲು ಶುರು ಮಾಡಬೇಡಿ. ಮೊದಲು ಕಟ್ಟಿನ ಮೇಲಿನ ಸಂಖ್ಯೆ, ವಿಭಾಗ, ವರ್ಷ, ಪುಟಗಳು ಇಷ್ಟನ್ನು ಬರೆದುಕೊಳ್ಳಿ. ಫೋಟೋ ತೆಗೆಯುವಾಗ ಮೊದಲ ಫೋಟೋ ಆ ಸಂಖ್ಯೆಯ ಚೀಟಿಯದ್ದೇ ಆಗಿರಲಿ. ನಾನು ಒಮ್ಮೆ ನಾನೂರು ಫೋಟೋ ತೆಗೆದು ಮನೆಗೆ ಬಂದು ನೋಡಿದರೆ ಯಾವುದು ಯಾವ ಕಡತದ್ದು ಎಂದು ತಿಳಿಯಲಿಲ್ಲ. ಮತ್ತೆ ಬೆಂಗಳೂರಿಗೆ ಹೋದೆ, ಬಸ್ ಚಾರ್ಜು ನನ್ನದೇ.

ದೆಹಲಿಯ ಹಳೆಯ ನಡಾವಳಿಗಳಲ್ಲಿ ಎ, ಬಿ, ಡೆಪಾಸಿಟ್ ಎಂದು ಮೂರು ದರ್ಜೆ. ದೊಡ್ಡ ವಿಷಯವೆಂದು ಸರ್ಕಾರಕ್ಕೆ ಅನಿಸಿದ್ದು ಎ, ಅದನ್ನು ಅಚ್ಚು ಹಾಕಿಸುತ್ತಿದ್ದರು. ಬಡವರ ಅರ್ಜಿಗಳು ಎ ದರ್ಜೆಗೆ ಹೋಗುವುದು ಅಪರೂಪ, ಅಲ್ವಾ? ಬಿ ದರ್ಜೆಯನ್ನೂ ಕೇಳಿ ತೆಗೆಸಿ. ಸೂಚಿಯಲ್ಲಿ ಒಂದು ಸಾಲಿನ ಶೀರ್ಷಿಕೆ ಮಾತ್ರ ಇರುತ್ತದೆ, ಒಳಗೆ ಏನಿದೆ ಎಂದು ತೆರೆದು ನೋಡುವವರೆಗೆ ಗೊತ್ತಾಗುವುದಿಲ್ಲ.

ಕನ್ನಡ ಕಾಗದವಾದರೆ ಕಷ್ಟ ಬೇರೆ ತರ. ಕೂಡಿಸಿ ಬರೆದ ಮೋಡಿ ಅಕ್ಷರ, ಪದಗಳ ನಡುವೆ ಜಾಗವಿಲ್ಲ, ಕನ್ನಡ ಅಂಕಿಗಳು, ಕಾಲು ಅರೆ ವೀಸದಂಥ ಭಾಗಗಳಿಗೆ ಗೆರೆಗಳ ಗುರುತು. ತಾರೀಕು ಸಂವತ್ಸರದಲ್ಲಿರುತ್ತದೆ. ಜಯ ಸಂವತ್ಸರ ಎಂದಿದ್ದರೆ 1834 ಆಗಬಹುದು, 1894 ಆಗಬಹುದು. ಅರವತ್ತು ವರ್ಷದ ಚಕ್ರ. ಯಾವುದು ಎಂದು ತೀರ್ಮಾನಿಸಲು ಕಾಗದ, ಸ್ಟಾಂಪು, ಅಧಿಕಾರಿಯ ಹುದ್ದೆ ನೋಡಬೇಕು. ಮದ್ರಾಸ್ ಕಡೆಯ ಕಂದಾಯ ಕಾಗದದಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಸೇರಿಸಿ. ಫಸಲಿ 1300 ಎಂದರೆ 1890–91.

ಹಣದ ಲೆಕ್ಕದಲ್ಲಿ 3-8-0 ಎಂದಿದ್ದರೆ ಮೂರು ರೂಪಾಯಿ ಎಂಟು ಆಣೆ. ಅಂದರೆ 3.50. ಇದನ್ನು 3.8 ಎಂದು ಕಂಪ್ಯೂಟರಿಗೆ ಹಾಕಿದವರನ್ನು ನಾನು ಕಂಡಿದ್ದೇನೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ.

ಜಮ್ಮ, ಸಾಗು, ಬಾಣೆ

ಕೊಡಗಿನ ಅಸಮಾನತೆಯ ಬೇರು ಇಲ್ಲಿದೆ, ಆದ್ದರಿಂದ ಇಲ್ಲಿ ಅವಸರ ಬೇಡ.

ಜಮ್ಮ ಭೂಮಿ ವಂಶಪಾರಂಪರ್ಯವಾಗಿ ಬಂದದ್ದು, ಹೆಚ್ಚಾಗಿ ಕೊಡವ ಒಕ್ಕಗಳ, ಅಂದರೆ ಮನೆತನಗಳ, ಕೈಯಲ್ಲಿ. ಕಂದಾಯ ನೂರು ಭಟ್ಟಿಗೆ 5 ರೂಪಾಯಿ. ಪೂರ್ತಿ ಕಂದಾಯದ ಸಾಮಾನ್ಯ ಹಿಡುವಳಿಯಾದ ಸಾಗು ಭೂಮಿಗೆ ಅದೇ ನೂರು ಭಟ್ಟಿಗೆ 10 ರೂಪಾಯಿ. ಅಂದರೆ ಜಮ್ಮದ್ದು ಸರಿಯಾಗಿ ಅರ್ಧ. ಈ ರಿಯಾಯಿತಿ ಸುಮ್ಮನೆ ಬಂದದ್ದಲ್ಲ. ರಾಜರ ಕಾಲದಿಂದ ಜಮ್ಮದವರು ಕರೆದಾಗ ಕಾವಲಿಗೆ, ದಂಡಿಗೆ ಹೋಗಬೇಕಿತ್ತು. ಬ್ರಿಟಿಷರೂ ಆ ಕರ್ತವ್ಯವನ್ನು ಕಾಗದದಲ್ಲಿ ಉಳಿಸಿಕೊಂಡರು. ಹಾಗಾಗಿ ಇಬ್ಬರ ಕಂದಾಯವನ್ನು ಹೋಲಿಸುವಾಗ ಎರಡು ಮಾತನ್ನೂ ಬರೆಯಿರಿ. ಅರ್ಧ ಕಂದಾಯ ಎಂದಷ್ಟೇ ಬರೆದರೆ ಒಂದು ಕಡೆಯ ಅನ್ಯಾಯ, ಸೇವೆ ಎಂದಷ್ಟೇ ಬರೆದರೆ ಇನ್ನೊಂದು ಕಡೆಯದು.

ಗದ್ದೆಗೆ ಹೊಂದಿಕೊಂಡು ಬಾಣೆ ಇರುತ್ತದೆ. ಸೌದೆ, ಸೊಪ್ಪು, ದನ ಮೇಯಲು, ಮನೆಗೆ ಮರ, ಎಲ್ಲಕ್ಕೂ ಬಾಣೆ. ಗದ್ದೆಗೆ ಕಟ್ಟಿದ ಕಂದಾಯದಲ್ಲೇ ಅದೂ ಸೇರಿತು. ಹಳೆಯ ಲೆಕ್ಕದಲ್ಲಿ ಇದರ ಬೆಲೆ ಕಾಣುವುದೇ ಇಲ್ಲ. ಆದರೆ ಕಾಫಿ ಬಂದ ಮೇಲೆ ಆ ಬಾಣೆಯಲ್ಲೇ ಗಿಡ ನೆಟ್ಟರು. ಗದ್ದೆ ಇದ್ದವನಿಗೆ ಬಾಣೆ ಇತ್ತು, ಬಾಣೆ ಇದ್ದವನಿಗೆ ಕಾಫಿ ಬಂತು. ಗದ್ದೆಯೇ ಇಲ್ಲದವನಿಗೆ? ಕಡತ ಓದುವಾಗ ಈ ಸರಪಳಿ ತಲೆಯಲ್ಲಿರಲಿ. ಬರೀ ಗದ್ದೆಯ ಪಟ್ಟಿ ನೋಡಿ ಆಸ್ತಿ ಇಷ್ಟೇ ಎಂದರೆ ದೊಡ್ಡ ಭಾಗವೇ ಬಿಟ್ಟುಹೋಗುತ್ತದೆ.

ಇನ್ನು ಕಂದಾಯ ಕಡಿಮೆ ಮಾಡಿದ ಅಥವಾ ಬಿಟ್ಟುಕೊಟ್ಟ ಉಂಬಳಿ, ಜೋಡಿ, ಜಾಗೀರು ಇವೆ. ದೇವರ ಕಾಡು, ಪೈಸಾರಿ, ಏಲಕ್ಕಿ ಮಲೆ ಇವೆ. ಏಲಕ್ಕಿ ಮಲೆಯನ್ನು ಗುತ್ತಿಗೆಗೆ ಕೊಡುತ್ತಿದ್ದರು, ಆ ಗುತ್ತಿಗೆ ಕಾಗದದಲ್ಲಿ ಯಾರು ಹಿಡಿದರು ಎಂಬ ಹೆಸರು ಸಿಗುತ್ತದೆ. 1865 ಮತ್ತು 1878ರ ಅರಣ್ಯ ಕಾಯ್ದೆಗಳ ನಂತರ ರಿಸರ್ವ್ ಆದ ಕಾಡಿನ ಕಡತಗಳಲ್ಲಿ ಯಾರ ಹಕ್ಕು ಬರೆದರು, ಯಾರದ್ದು ಬರೆಯಲಿಲ್ಲ ಎಂದು ನೋಡಿ. ಜೇನುಕುರುಬರು, ಬೆಟ್ಟಕುರುಬರು ಅರ್ಜಿ ಹಾಕಿದ ಕಾಗದಕ್ಕಿಂತ ಅವರನ್ನು ಕೆಲಸಕ್ಕೆ ಕರೆದ ಕಾಗದವೇ ಕಣ್ಣಿಗೆ ಬೀಳುತ್ತದೆ.

1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್ನನ್ನು ಒಮ್ಮೆ ಪೂರ್ತಿ ಓದಿ. ಬೋರು ಹೊಡೆಸುತ್ತದೆ, ಆದರೂ ಓದಿ. ಜಮ್ಮ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿರಲಿಲ್ಲ, ಅಡ ಇಡುವಂತಿರಲಿಲ್ಲ. ಇದರಿಂದ ಒಂದು ತೊಡಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಮ್ಮದ ಅಡಮಾನ ಕಾಣಲಿಲ್ಲ ಎಂದರೆ ಸಾಲವೇ ಇರಲಿಲ್ಲ ಎಂದಲ್ಲ. ಸಾಲ ಬೇರೆ ದಾರಿಯಲ್ಲಿ ಹೋಗಿರುತ್ತದೆ. ಬೆಳೆಯ ಮೇಲೆ, ಕೈಕಾಗದದ ಮೇಲೆ, ಅಂಗಡಿ ಲೆಕ್ಕದಲ್ಲಿ. ಅದನ್ನು ಹಿಡಿಯಲು ಸಿವಿಲ್ ಕೋರ್ಟಿನ ದಾವೆಗಳನ್ನು ನೋಡಬೇಕು.

ಒಬ್ಬ ಪಟ್ಟೆದಾರ, ಮೂವತ್ತು ಬಾಯಿ

ಎಲ್ಲರೂ ಎಡವುವುದು ಇಲ್ಲಿ. ಕಂದಾಯ ಪಟ್ಟಿಯಲ್ಲಿ ಒಕ್ಕದ ಹಿರಿಯನಾದ ಪಟ್ಟೆದಾರನ ಹೆಸರು ಮಾತ್ರ ಇರುತ್ತದೆ. ಅವನ ಹಿಂದೆ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಎಷ್ಟು ಜನ ಉಣ್ಣುತ್ತಿದ್ದರು ಎಂದು ಪಟ್ಟಿಗೆ ಬೇಕಾಗಿಲ್ಲ.

ಕೈಲೆಕ್ಕಕ್ಕೆಂದು ಒಂದು ಊರು ಕಟ್ಟೋಣ. ನಿಜವಾದ ಊರಲ್ಲ. ಐದು ಪಟ್ಟೆದಾರರು, ಒಟ್ಟು ಸಾವಿರ ಭಟ್ಟಿ. ಮೊದಲನೆಯವನ ಹೆಸರಿನಲ್ಲಿ 300, ಮನೆಯಲ್ಲಿ 30 ಜನ. ಎರಡನೆಯದು 250, 25 ಜನ. ಮೂರನೆಯದು 200, 16 ಜನ. ನಾಲ್ಕನೆಯದು 150, 10 ಜನ. ಐದನೆಯದು 100, 4 ಜನ. ಪಟ್ಟಿ ನೋಡಿದರೆ ಮೊದಲನೆಯವನೇ ದೊಡ್ಡವನು, ಊರಿನ ಗದ್ದೆಯಲ್ಲಿ ನೂರಕ್ಕೆ 30 ಪಾಲು ಅವನದು. ತಲೆಗೆ ಹಂಚಿದರೆ ಅವನ ಮನೆಯಲ್ಲಿ ಒಬ್ಬರಿಗೆ 10 ಭಟ್ಟಿ. ಪಟ್ಟಿಯಲ್ಲಿ ಕೊನೆಯಲ್ಲಿದ್ದವನ ಮನೆಯಲ್ಲಿ ಒಬ್ಬರಿಗೆ 25! ಲೆಕ್ಕ ತಲೆಕೆಳಗಾಯಿತು.

ಇಲ್ಲಿಗೆ ನಿಲ್ಲಿಸಿದರೆ ಊರಿನಲ್ಲಿ ಎಲ್ಲರಿಗೂ ಏನಾದರೂ ಇತ್ತು ಎಂದಾಯಿತು. ಆದರೆ ಅದೇ ಊರಿನಲ್ಲಿ 65 ಜನ ಆಳುಗಳಿದ್ದರು ಎನ್ನಿ. ಗದ್ದೆ ಉತ್ತವರು, ನಾಟಿ ನೆಟ್ಟವರು. ಪಟ್ಟಿಯಲ್ಲಿ ಅವರು ಇಲ್ಲವೇ ಇಲ್ಲ. ಈಗ ಊರಿನ ಜನ 85 ಅಲ್ಲ, 150. ನೂರಕ್ಕೆ 43 ಮಂದಿಗೆ ಸೊನ್ನೆ ಭಟ್ಟಿ. ಯಾವ ಕಂಪ್ಯೂಟರಿನಲ್ಲಿ ಅಸಮಾನತೆ ಅಳೆಯುವ ಗಿನಿ ಸೂಚ್ಯಂಕ ತೆಗೆದರೂ ಈ ಸೊನ್ನೆಗಳನ್ನು ನೀವು ಕೈಯಾರೆ ಸೇರಿಸದಿದ್ದರೆ ಅದು ಬರೀ ಪಟ್ಟೆದಾರರ ನಡುವಿನ ಅಂತರ ಹೇಳುತ್ತದೆ. ಊರಿನದ್ದಲ್ಲ.

ಈ ಸೊನ್ನೆಗಳನ್ನು ಎಲ್ಲಿಂದ ತರುವುದು? ಜನಗಣತಿಯ ಜಾತಿ ಪಟ್ಟಿ, ಕಸುಬಿನ ಪಟ್ಟಿಯಿಂದ. ಪಟ್ಟೆದಾರರ ಮನೆಯೊಳಗಿನ ತಲೆ ಎಣಿಕೆಯನ್ನು ಒಕ್ಕದ ವಂಶಾವಳಿಯಿಂದ. ಎರಡೂ ಅಂದಾಜೇ. ಅಂದಾಜು ಎಂದು ಬರೆದು ಇಟ್ಟರೆ ತಪ್ಪಿಲ್ಲ.

ನನ್ನ ಎಕ್ಸೆಲ್ ಹಾಳೆಯಲ್ಲಿ ಕಡತದಲ್ಲಿದ್ದ ಅಳತೆಗೆ ಒಂದು ಕಾಲಂ, ನಾನು ಬದಲಿಸಿದ ಅಳತೆಗೆ ಇನ್ನೊಂದು. ಮೂಲವನ್ನು ಎಂದೂ ಅಳಿಸುವುದಿಲ್ಲ. ಭಟ್ಟಿ ಕಥೆಯ ನಂತರ ಕಲಿತದ್ದು ಇದು. ಕೊನೆಯ ಕಾಲಂನ ಹೆಸರು 'ಇಲ್ಲಿ ಯಾರಿಲ್ಲ'. ಪ್ರತಿ ಕಡತ ಮುಗಿದ ಮೇಲೆ ಅದರಲ್ಲಿ ಒಂದು ಸಾಲು ಬರೆಯುತ್ತೇನೆ. 1886ರ ಆದಾಯ ತೆರಿಗೆ ಕಾಗದಕ್ಕೆ 'ತೋಟದ ಮಾಲೀಕರಿಲ್ಲ' ಎಂದು ಬರೆದಿದ್ದೇನೆ, ಏಕೆಂದರೆ ಆ ಕಾಯ್ದೆ ಬೇಸಾಯದ ಆದಾಯವನ್ನು ಬಿಟ್ಟಿತ್ತು. ಅದನ್ನು ನೋಡಿ ಪೇಟೆಯ ಸಾಹುಕಾರರೇ ಕೊಡಗಿನ ಶ್ರೀಮಂತರು ಎಂದುಕೊಂಡರೆ ಮೋಸ ಹೋದ ಹಾಗೆ. 1924ರಲ್ಲಿ ಶುರುವಾದ ಕೊಡಗು ಶಾಸನ ಪರಿಷತ್ತಿನ ಮತದಾರರ ಪಟ್ಟಿಗೂ ಹಾಗೇ. ಆಸ್ತಿ ಇದ್ದವರಿಗೆ ಮಾತ್ರ ಓಟು.

ಆಳು, ಕೂಲಿ, ಮೇಸ್ತ್ರಿ

ಹಳೆಯ ಕಾಗದದಲ್ಲಿ 'ಭೂಮಿ ಜಮ್ಮದ ಆಳು', 'ಒಕ್ಕಲು ಜಮ್ಮದ ಆಳು' ಎಂಬ ಎರಡು ಮಾತು ಸಿಗುತ್ತವೆ. ಮೊದಲನೆಯವರು ನೆಲದ ಜೊತೆ ಕೈ ಬದಲಾಗುವವರು, ಎರಡನೆಯವರು ಮನೆತನದ ಸೊತ್ತಾದವರು. 1843ರ 5ನೇ ಕಾಯ್ದೆ ಬಂದ ಮೇಲೆ ಕೋರ್ಟುಗಳು ಗುಲಾಮಗಿರಿಯನ್ನು ಹಕ್ಕೆಂದು ಒಪ್ಪುವಂತಿರಲಿಲ್ಲ. ಆ ವರ್ಷದ ನಂತರ ಕಡತದಲ್ಲಿ ಆಳು ಎಂಬ ಮಾತು ಕಡಿಮೆಯಾಗಿ ಮುಂಗಡ, ಸಾಲ, ಕರಾರು ಎಂಬ ಮಾತು ಕಂಡರೆ, ಜನ ಬಿಡುಗಡೆಯಾದರು ಎಂದು ಬರೆಯುವ ಮೊದಲು ನಿಲ್ಲಿ. ಮುಂಚಿನ ಕಾಗದ, ಆಮೇಲಿನ ಕಾಗದ ಎರಡರಲ್ಲೂ ಅದೇ ಜಾತಿ, ಅದೇ ಊರು ಇದೆಯೇ ನೋಡಿ. ಜೀತ ರದ್ದತಿ ಕಾಯ್ದೆ ಬರಲು 1976 ಆಗಬೇಕಾಯಿತು.

1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಮೊದಲ ದೊಡ್ಡ ಕಾಫಿ ತೋಟ ಮಾಡಿದ. ನಂತರ ಪ್ಲಾಂಟರುಗಳ ಸಾಲೇ ಬಂತು. 1860ರ ದಶಕದ ಕೊನೆಗೆ ಕಾಂಡಕೊರಕ ಹುಳ ತೋಟಗಳನ್ನು ತಿಂದು ಹಾಕಿತು. ನೆರಳಿಲ್ಲದೆ ಬೆಳೆದ ತೋಟ ಹೆಚ್ಚು ಹಾಳಾಯಿತು. ಆಮೇಲೆ ಪೂರ್ವದ ಬಿದಿರು ಸೀಮೆಗೆ, ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆಗೆ ನೆರಳಿನ ತೋಟ ಹಬ್ಬಿತು. ಆಡಳಿತ ವರದಿಗಳಲ್ಲಿ ಯುರೋಪಿಯನ್ನರ ತೋಟ, ಸ್ಥಳೀಯರ ತೋಟ ಎಂದು ಬೇರೆ ಬೇರೆ ಕೊಟ್ಟಿರುತ್ತಾರೆ. ಸ್ಥಳೀಯರ ಕಡೆ ಎಷ್ಟು ತೋಟ ಎಂಬುದಕ್ಕಿಂತ ಒಂದೊಂದು ಎಷ್ಟು ಎಕರೆ ಎಂದು ನೋಡಿ. ಮನೆ ಹಿಂದಿನ ಅರ್ಧ ಎಕರೆಯನ್ನೂ ಅಲ್ಲಿ ತೋಟ ಎಂದು ಎಣಿಸಿರಬಹುದು.

ಕೂಲಿಗೆ ಜನ ತರುತ್ತಿದ್ದವನು ಮೇಸ್ತ್ರಿ. ಪ್ಲಾಂಟರ್ ಮೇಸ್ತ್ರಿಗೆ ಮುಂಗಡ ಕೊಟ್ಟ, ಮೇಸ್ತ್ರಿ ಮೈಸೂರಿನ ಹಳ್ಳಿಯಲ್ಲಿ ಕೂಲಿಯವನಿಗೆ ಮುಂಗಡ ಕೊಟ್ಟ. ಕೆಲಸ ಬಿಟ್ಟು ಓಡಿದರೆ 1859ರ 13ನೇ ಕಾಯ್ದೆಯಲ್ಲಿ ಜೈಲು. ಹಾಗಾಗಿ ಕೂಲಿಯವನ ಹೆಸರು ಸಿಗುವುದು ಸಂಬಳದ ಪುಸ್ತಕಕ್ಕಿಂತ ಮ್ಯಾಜಿಸ್ಟ್ರೇಟರ ಕಡತದಲ್ಲಿ. ಅಪರಾಧಿಯಾದಾಗ ಮಾತ್ರ ಅವನಿಗೆ ಹೆಸರು, ಊರು, ಅಪ್ಪನ ಹೆಸರು ಎಲ್ಲ ಬರುತ್ತದೆ. ಇದನ್ನು ಮೊದಲು ಕಂಡ ದಿನ ನನಗೆ ಊಟ ಸೇರಲಿಲ್ಲ. ಒಂದೇ ಪುಟದಲ್ಲಿ ಹನ್ನೆರಡು ಹೆಸರು, ಎದುರಿಗೆ ಶಿಕ್ಷೆ, ಪಕ್ಕದಲ್ಲಿ ಎಷ್ಟು ಮುಂಗಡ ಬಾಕಿ ಎಂದು.

ದಿನಗೂಲಿ ಇಷ್ಟು ಆಣೆ ಎಂದು ವರದಿಯಲ್ಲಿದ್ದರೆ ಅದು ಕೈಗೆ ಬಂದ ಕೂಲಿ ಎಂದುಕೊಳ್ಳಬೇಡಿ. ಮುಂಗಡದ ಕಂತು, ಮೇಸ್ತ್ರಿಯ ಕಮಿಷನ್, ತೋಟದಿಂದ ಕೊಟ್ಟ ಅಕ್ಕಿಯ ಬೆಲೆ ಎಲ್ಲ ಕಳೆದು ನೋಡಿ. ಅಕ್ಕಿಯ ಪೇಟೆ ಬೆಲೆ ಅದೇ ಆಡಳಿತ ವರದಿಯಲ್ಲಿ ಸಿಗುತ್ತದೆ. ದಿನಗೂಲಿಗೆ ಎಷ್ಟು ಸೇರು ಅಕ್ಕಿ ಬರುತ್ತಿತ್ತು ಎಂದು ಲೆಕ್ಕ ಹಾಕಿದರೆ ಮೂವತ್ತು ವರ್ಷವನ್ನು ಹೋಲಿಸಲು ಆಗುತ್ತದೆ. 1876–78ರ ಧಾತು ಬರದ ವರ್ಷಗಳಲ್ಲಿ ಆಣೆಯ ಲೆಕ್ಕ ಬದಲಾಗದಿದ್ದರೂ ಅಕ್ಕಿಯ ಲೆಕ್ಕ ಬೇರೆಯೇ ಹೇಳುತ್ತದೆ.

ಕೂಲಿಯ ವಿಷಯಕ್ಕೆ ಇನ್ನೊಂದು ಒಳ್ಳೆಯ ಜಾಗ 1929ರಲ್ಲಿ ನೇಮಕವಾದ ರಾಯಲ್ ಕಮಿಷನ್ ಆನ್ ಲೇಬರ್ ದಾಖಲೆ. ಮದ್ರಾಸ್ ಮತ್ತು ಕೊಡಗಿನ ಸಾಕ್ಷ್ಯಗಳು ಒಂದೇ ಸಂಪುಟದಲ್ಲಿವೆ. ಇನ್ನು ಕ್ರೈಸ್ತ ಮತಪ್ರಚಾರಕರ ಬಾಸೆಲ್ ಮಿಷನ್ ಕಾಗದಗಳು. ಆ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ ಎಂದರೆ ಮಂಗಳೂರ ಸಮಾಚಾರ ಪತ್ರಿಕೆಯವರು ಎಂದಷ್ಟೇ ನಮಗೆ ಗೊತ್ತು. ಅಮ್ಮತ್ತಿ ಹತ್ತಿರದ ಆನಂದಪುರದಲ್ಲಿ ಕ್ರೈಸ್ತರಾದ ಹೊಲೆಯರಿಗೆ ನೆಲೆ ಮಾಡಿಕೊಟ್ಟವರೂ ಅವರೇ. ಆಳುಗಳ ಜೀವನವನ್ನು ಹತ್ತಿರದಿಂದ ಬರೆದ ಕಾಗದ ಸರ್ಕಾರಿ ಕಡತಕ್ಕಿಂತ ಮಿಷನ್ ಕಡೆ ಜಾಸ್ತಿ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಸ್ವಲ್ಪ ಇದೆ, ಬಾಸೆಲ್‌ನ ಪತ್ರಾಗಾರ ಫೋಟೋ, ನಕ್ಷೆಗಳನ್ನು ಜಾಲತಾಣದಲ್ಲಿ ಹಾಕಿದೆ. ಮತಕ್ಕೆ ಸೇರಿಸುವ ಉತ್ಸಾಹ ಆ ಬರಹದಲ್ಲಿ ಇರುತ್ತದೆ, ಅದನ್ನು ಸೋಸಿ ಓದಬೇಕು.

ಹಳೆಯ ಕಾಗದದ ಜಾತಿ ಹೆಸರುಗಳನ್ನು ನಕಲು ಮಾಡುವಾಗ ಇದ್ದ ಹಾಗೇ ಬರೆಯಿರಿ, ನಿಮ್ಮ ಮಾತಿನಲ್ಲಿ ಹೇಳುವಾಗ ಇಂದಿನವರು ತಮ್ಮನ್ನು ಕರೆದುಕೊಳ್ಳುವ ಹೆಸರು ಬಳಸಿ. ಹಳೆಯ ಕಾಗದದಲ್ಲಿ ಹೊಲೆಯರೆಂದಿರುವ ಕೆಂಬಟ್ಟಿಯವರನ್ನು ಕೆಂಬಟ್ಟಿ ಎಂದೇ ಬರೆಯಿರಿ.

ಮನೆಯ ಪೆಟ್ಟಿಗೆ, ಅಜ್ಜಿಯ ಮಾತು

ಐನ್‌ಮನೆಯ ಅಟ್ಟದಲ್ಲಿ, ಮರದ ಪೆಟ್ಟಿಗೆಯಲ್ಲಿ ಕಾಗದ ಇರುತ್ತದೆ. ಕೇಳುವ ರೀತಿ ಇದೆ. ಮೊದಲ ದಿನವೇ "ಜಮ್ಮದ ಕಾಗದ ತೋರಿಸಿ" ಎಂದರೆ ಯಾರೂ ತೋರಿಸುವುದಿಲ್ಲ, ಕೋರ್ಟಿನವರೇ ಬಂದರು ಎಂದುಕೊಳ್ಳುತ್ತಾರೆ. ಕಾಫಿ ಕುಡಿಯಿರಿ, ವಂಶಾವಳಿ ಕೇಳಿ, ಎರಡನೇ ಸಲ ಹೋಗಿ. ಪಾಲು ವ್ಯಾಜ್ಯ ನಡೆಯುತ್ತಿರುವ ಮನೆಯಾದರೆ ದೂರ ಇರಿ, ನಿಮ್ಮ ಫೋಟೋ ನಾಳೆ ಯಾರದೋ ವಕೀಲರ ಕೈಗೆ ಹೋಗಬಹುದು.

ಲೈನ್ ಮನೆಯಲ್ಲಿ, ಬುಡಕಟ್ಟಿನವರ ಹಾಡಿಯಲ್ಲಿ ಪೆಟ್ಟಿಗೆ ಇಲ್ಲ. ಅಲ್ಲಿ ಮಾತೇ ದಾಖಲೆ. ಎರವರ ಒಬ್ಬ ಅಜ್ಜಿಯನ್ನು ನಾನು "ಆಗ ಕೂಲಿ ಎಷ್ಟು ಕೊಡುತ್ತಿದ್ದರಜ್ಜಿ?" ಎಂದು ಕೇಳಿದೆ. "ಕೂಲಿ ಎಲ್ಲಿತ್ತು ಮಗಾ, ಭತ್ತ ಅಳೆದು ಕೊಡುತ್ತಿದ್ದರು. ಅಳೆಯುವ ಸೇರು ಬೇರೆ, ತುಂಬಿಕೊಳ್ಳುವ ಸೇರು ಬೇರೆ" ಎಂದರು. ಎರಡು ಸೇರಿನ ಈ ಮಾತು ನಾನು ನೋಡಿದ ಯಾವ ಕಡತದಲ್ಲೂ ಇಲ್ಲ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ಹಾಡಿಯ ಹೆಸರು ಹಾಕಬೇಕೋ ಬೇಡವೋ ಎಂದು ಅವರನ್ನೇ ಕೇಳಿ.

ಮಳೆಗಾಲದಲ್ಲಿ ಮನೆಯ ಕಾಗದ ಬಿಚ್ಚಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯೇ ಒದ್ದೆ. ಮಡಿಸಿದ ಕಾಗದ ಬಿಡಿಸಿದರೆ ಮಡಿಕೆಯಲ್ಲೇ ಹರಿಯುತ್ತದೆ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಬೂಸಲು ಬಂದದ್ದಕ್ಕೆ ಒಣ ಬ್ರಷ್ ಸಾಕು, ಒದ್ದೆ ಬಟ್ಟೆ ಬೇಡವೇ ಬೇಡ.

ಸಹಾಯಕರಾಗಿ ಹೋಗುವವರಿಗೆ

ಸಂಬಳ ದಿನಕ್ಕೆಷ್ಟು ಎಂದು ಮೊದಲೇ ಮಾತಾಡಿ. ಪುಟಕ್ಕಿಷ್ಟು ಎಂದು ಒಪ್ಪಿಕೊಳ್ಳಬೇಡಿ, ಮೋಡಿ ಅಕ್ಷರದ ಒಂದು ಪುಟಕ್ಕೆ ಒಂದು ದಿನ ಹೋಗುತ್ತದೆ. ಬಸ್ಸು, ಊಟ, ಉಳಿಯುವ ಖರ್ಚು, ಫೋಟೋ ಶುಲ್ಕ ಬೇರೆ. ಏನೂ ಸಿಗದ ದಿನಕ್ಕೂ ಸಂಬಳ ಇದೆ ಎಂದು ಬರೆಸಿಕೊಳ್ಳಿ. ಹುಡುಕಿ ಸಿಗಲಿಲ್ಲ ಎಂಬುದೂ ಕೆಲಸವೇ. ಆದ್ದರಿಂದ ಯಾವ ಸೂಚಿ, ಯಾವ ವರ್ಷ, ಯಾವ ಶಬ್ದ ಹುಡುಕಿದಿರಿ ಎಂದು ಪ್ರತಿ ಸಂಜೆ ಅರ್ಧ ಪುಟ ಬರೆದು ಕಳಿಸಿ. ಫೋಟೋಗಳ ಒಂದು ಪ್ರತಿ ನಿಮ್ಮ ಹತ್ತಿರವೂ ಇರಬೇಕು, ಇನ್ನೊಂದು ಪ್ರತಿ ಕೊಡಗಿನ ಯಾವುದಾದರೂ ಕಾಲೇಜು ಗ್ರಂಥಾಲಯಕ್ಕೆ ಹೋಗಬೇಕು. ಪತ್ರಾಗಾರದ ನಿಯಮ ಒಪ್ಪಿದರೆ ಮಾತ್ರ.

ಕೊನೆಗೆ ನಿಮ್ಮ ಹೆಸರು ಪುಸ್ತಕದಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿ. ಕೇಳಲು ನಾಚಿಕೆ ಬೇಡ. ನಾನು ಕೆಲಸ ಮಾಡಿದ ಎರಡು ಬರಹ ಅಚ್ಚಾಗಿವೆ. ಒಂದರಲ್ಲಿ ಮುನ್ನುಡಿಯಲ್ಲೇ ಹೆಸರಿದೆ. ಕೂಲಿಯವರ ಬಗೆಗಿನ ಇನ್ನೊಂದರಲ್ಲಿ 'ಒಬ್ಬ ಸ್ಥಳೀಯ ಸಹಾಯಕ' ಎಂದಿದೆ.